ಬಿರುಕಿನ ಮೇಲಿನ ಗಾಜು

ಚೆನ್ನೈಯಲ್ಲಿ ಭೂಮಿ ನಡುಗಿದ ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ರೈಲು ಹತ್ತಿದೆ. "ಬಿರುಕು ಬಿಟ್ಟ ಕಟ್ಟಡ ಒಂದಾದರೂ ಬೇಕು" ಎಂದಿದ್ದರು ಸಂಪಾದಕರು. ಇಡ್ಲಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಅದೇ ಬೋಗಿಯಲ್ಲಿ ಇನ್ನೂ ಮೂವರು ಪತ್ರಕರ್ತರು ಸಿಕ್ಕರು. ಎಲ್ಲರಿಗೂ ಬಿರುಕೇ ಬೇಕಿತ್ತು.

ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದಾಗ ಮಧ್ಯಾಹ್ನ. ಅಂಗಿ ಬೆನ್ನಿಗಂಟುವ ಸೆಕೆ ಬಿಟ್ಟರೆ ಬೇರೆ ಯಾವ ಅನಾಹುತವೂ ಕಾಣಲಿಲ್ಲ. ಹಳೆಯ ಕಟ್ಟಡಗಳೇ ತುಂಬಿರುವ ಪ್ಯಾರೀಸ್ ಕಾರ್ನರ್‌ಗೆ ಆಟೋದವರು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದರು. ನಿನ್ನೆ ಹೇಗಿತ್ತು ಎಂದು ಕೇಳಿದೆ. ಈ ಗಾಡಿಯಲ್ಲಿ ಕೂತವನಿಗೆ ದಿನವೂ ನಡುಕವೇ, ಹೇಗೆ ಗೊತ್ತಾಗಬೇಕು ಎಂದು ನಕ್ಕರು.

ಸಗಟು ಅಂಗಡಿಗಳ ಓಣಿಯೊಂದರಲ್ಲಿ ಕ್ಯಾಮೆರಾಗಳ ಗುಂಪು ಕಂಡಿತು. ಹಳೆಯ ಎರಡಂತಸ್ತಿನ ಕಟ್ಟಡ. ಬಾಲ್ಕನಿಯಿಂದ ಬಾಗಿಲವರೆಗೆ ಬೆರಳು ತೂರುವಷ್ಟು ಬಿರುಕು. ನಾನೂ ನುಗ್ಗಿ ಚಿತ್ರ ತೆಗೆದೆ. ಬಿರುಕಿಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿದ್ದರು. ಅದಿದ್ದರೆ ಬಿರುಕಿನ ಗಾಂಭೀರ್ಯ ಕೆಡುತ್ತದೆ ಎನಿಸಿ, ಫೋನಿನಲ್ಲೇ ಅಷ್ಟು ಭಾಗ ಕತ್ತರಿಸಿ ಕಚೇರಿಗೆ ಕಳಿಸಿದೆ. ಅರ್ಧ ಗಂಟೆಯೊಳಗೆ ಪತ್ರಿಕೆಯ ಜಾಲತಾಣದಲ್ಲಿ ಬಂತು.

"ಕನ್ನಡದೋರಾ? ಒಳಗ್ ಬನ್ನಿ ಸಾರ್" ಎಂದು, ಕಚೇರಿಯ ಜೊತೆ ನನ್ನ ಫೋನ್ ಮಾತು ಕೇಳಿಸಿಕೊಂಡ ಕೆಳಗಿನ ನೋಟ್‌ಬುಕ್ ಅಂಗಡಿಯವರು ಕರೆದರು. ಹೆಸರು ಶಿವಲಿಂಗಪ್ಪ. ಅವರ ತಾತ ತಿಪಟೂರಿನಿಂದ ಬಂದವರಂತೆ. ಕೈಗೆ ಕಾಫಿ ಕೊಟ್ಟು, ಆಮೇಲೆ ತಮ್ಮ ಫೋನಿನಲ್ಲಿ ನಾನು ಕಳಿಸಿದ ಚಿತ್ರವನ್ನೇ ತೋರಿಸಿದರು.

"ಇದು ಪಳಸು ಸಾರ್, ಹತ್ ವರ್ಷದ ಬಿರುಕು. ಗೋಡೆ ಒಂದ್ ಕೂದಲಷ್ಟು ಜರುಗಿದ್ರೂ ಒಡೀಲಿ ಅಂತಾನೇ ಗಾಜು ಅಂಟ್ಸಿ, ಮೇಲೆ ತಾರೀಖು ಬರ್ದಿರೋದು. ನೆನ್ನೆ ಊರೆಲ್ಲಾ ಅಲ್ಲಾಡ್ತು, ಗಾಜು ಒಡೀಲಿಲ್ಲ. ನಿಮ್ಮ ಫೋಟೋ ನೋಡಿ ಕಾರ್ಪೊರೇಷನ್ ಇಂಜಿನಿಯರ್ ಬರ್ತಾ ಇದಾರೆ. ಶಾಲೆ ಶುರುವಾಗೋ ಟೈಮು. ಈಗ ಸೀಲ್ ಹಾಕ್ಬಿಟ್ರೆ ನಾನ್ ಎಲ್ಲಿಗ್ ಹೋಗ್ಲಿ?"

ಕಾಫಿ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಹೊರಗೆ ಟಣ್ ಎಂದಿತು. ಯಾರದೋ ಕ್ಯಾಮೆರಾ ಸ್ಟ್ಯಾಂಡಿನ ಕಾಲು ಗಾಜಿಗೆ ತಗುಲಿತ್ತು.

"ಉಡಂಜಿರುಚ್ಚುಪ್ಪಾ!" ಒಡೆದೇ ಹೋಯಿತೆಂದು ಅವರ ಮಗಳು ಗಿರಿಜಾ ಬಾಗಿಲಿಂದ ತಮಿಳಿನಲ್ಲಿ ಕೂಗಿದಳು. ನಾವು ಹೊರಗೆ ಬರುವಷ್ಟರಲ್ಲಿ ಸ್ಟ್ಯಾಂಡಿನವನು ಗುಂಪಿನಲ್ಲಿ ಕರಗಿಹೋಗಿದ್ದ.

ನಾಲ್ಕು ಗಂಟೆಗೆ ಬಂದ ಇಂಜಿನಿಯರ್ ಒಡೆದ ಗಾಜು ನೋಡಿ ತಲೆಯಾಡಿಸಿದರು. ಸ್ಟ್ಯಾಂಡ್ ತಗುಲಿದ ಕಥೆ ಅವರು ನಂಬಲಿಲ್ಲ. ಅಂಗಡಿ ತೆರವಿನ ನೋಟಿಸ್ ಬರೆಯಲು ಕೂತರು. ಶಿವಲಿಂಗಪ್ಪ ಪುಸ್ತಕದ ಕಟ್ಟುಗಳ ಕಡೆ ತಿರುಗಿ ನಿಂತರು.

ನನ್ನ ಫೋನಿನಲ್ಲಿ ಇಡೀ ಚಿತ್ರ ಇನ್ನೂ ಇತ್ತು. ತೋರಿಸಿದರೆ ನನ್ನ ಕತ್ತರಿ ಕೆಲಸವೂ ಬಯಲಾಗುತ್ತಿತ್ತು. ತುಂಬಿದ ಹಳ್ಳಕ್ಕಿಳಿದವನಂತೆ ಒಂದು ಗಳಿಗೆ ಹಿಂದೆ ಮುಂದೆ ನೋಡಿದೆ. ಆಮೇಲೆ ತೋರಿಸಿದೆ.

ಇಂಜಿನಿಯರ್ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದರು. ಇವತ್ತಿನ ದಿನಾಂಕ, ಮಧ್ಯಾಹ್ನದ ಹೊತ್ತು, ಗಾಜು ಇಡಿಯಾಗಿ. ಪಕ್ಕದಲ್ಲಿ ಗಿರಿಜಾ ಜಾಲತಾಣದ ಚಿತ್ರ ಹಿಡಿದಳು. ಚಿತ್ರದಿಂದ ಗಾಜನ್ನು ಯಾಕೆ ತೆಗೆದಿರಿ ಎಂದು ಇಂಜಿನಿಯರ್ ತಮಿಳಿನಲ್ಲಿ ಕೇಳಿದರು.

"ಓದುವವರಿಗೆ ಭಯವಾಗಲಿ ಅಂತ" ಎಂದೆ. ಅಷ್ಟು ಜನರ ನಡುವೆ ಅದನ್ನು ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವರು ಗೋಡೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಪರೀಕ್ಷಿಸಿದರು. ನೋಟಿಸ್ ಹರಿದರು. ತಮ್ಮೆದುರೇ ಹೊಸ ಗಾಜು ಅಂಟಿಸಲು ಹೇಳಿದರು. ನಾನು ಕಚೇರಿಗೆ ಫೋನ್ ಮಾಡಿ ಕತ್ತರಿಸಿದ ಚಿತ್ರ ತೆಗೆದುಬಿಡಿ, ಈಗ ಕಳಿಸುವ ಇಡೀ ಚಿತ್ರ ಹಾಕಿ ಎಂದೆ. "ಒಡೆಯದ ಗಾಜಿನ ಸುದ್ದಿ ಯಾರ್ರೀ ಓದ್ತಾರೆ?" ಎಂದು ಗೊಣಗಿದರು ಸಂಪಾದಕರು. ಮೂರನೇ ಸಲ ಕೇಳಿದ ಮೇಲೆ ಒಪ್ಪಿದರು.

ಸಂಜೆಯ ರೈಲಿಗೆ ಹೊತ್ತಾಗಿತ್ತು. ಹೊರಟವನ ಕೈಗೆ ಶಿವಲಿಂಗಪ್ಪ ಮಾರ್ಕರ್ ಪೆನ್ನು ಕೊಟ್ಟರು.

"ತಾರೀಖು ನೀವೇ ಬರೀರಿ ಸಾರ್."

ಹೊಸ ಗಾಜಿನ ಮೇಲೆ ಅಂದಿನ ದಿನಾಂಕ ಬರೆದೆ. ಅಂಕಿಗಳು ಸೊಟ್ಟಗಾದವು. ಭೂಕಂಪ ನೋಡಲೆಂದು ಅಷ್ಟು ದೂರ ಹೋಗಿ ನಾನು ಕಣ್ಣಾರೆ ಕಂಡ ನಡುಕ, ನನ್ನ ಕೈಯದು ಮಾತ್ರ.