ಒಮ್ಮೆಯೂ ರಕ್ತ ಕೊಡದವರು

ಗೆಳೆಯರೇ, ಇವತ್ತು ಬೆಳಿಗ್ಗೆ ಬಾದಾಮಿಯ ಬಾಣಂತಿಯೊಬ್ಬರಿಗೆ ಓ ನೆಗೆಟಿವ್ ರಕ್ತ ಬೇಕಾಗಿತ್ತು. ಬಾಗಲಕೋಟೆಯ ನಮ್ಮ ರಕ್ತದಾನಿಗಳ ಬಳಗದ ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕ ಇಬ್ಬರೂ ಊರಲ್ಲಿರಲಿಲ್ಲ. ವಾಟ್ಸಾಪಿನಲ್ಲಿ ಮನವಿ ಹಾಕಿದೆ. ಅಷ್ಟರಲ್ಲಿ ಬಾಣಂತಿಯನ್ನು ಹುಬ್ಬಳ್ಳಿಗೆ ಒಯ್ದರು.

ಮಧ್ಯಾಹ್ನ ಆ ಮನವಿ ನೋಡಿ ಇಳಕಲ್ಲಿನಿಂದ ಹೊಲಿಗೆ ಅಂಗಡಿಯ ರಜಿಯಾ ಫೋನ್ ಮಾಡಿದರು.

"ನಂದೂ ಅದೇ ಗ್ರೂಪ್ ಐತ್ರಿ. ನಿಮ್ಮಲ್ಲಿ ಹೆಸರು ಬರಸಿ ಎರಡು ವರ್ಷ ಆತು, ಒಮ್ಮೆನೂ ಕರೀಲಿಲ್ಲ. ನನ್ನ ರಕ್ತ ಬ್ಯಾಡೇನ್ರಿ? ಈಗ ಬರ್ಲೇನು?"

"ಅವರನ್ನ ಹುಬ್ಬಳ್ಳಿಗೆ ಒಯ್ದ್ರು ಅಕ್ಕಾರ," ಎಂದೆ. ಫೋನಿಟ್ಟು ಅವರ ಹೆಸರು ಹುಡುಕಿದೆ.

ಅವರ ಹೆಸರು ಕಂಪ್ಯೂಟರಿನಲ್ಲಿತ್ತು. ಆದರೆ ನಾನು ಬರೆದ ಕ್ವೆರಿ, ಅಂದರೆ ಕಂಪ್ಯೂಟರಿಗೆ ಕೊಟ್ಟ ಹುಡುಕಾಟದ ಆದೇಶ, ಕೊನೆಯ ಸಲ ರಕ್ತ ಕೊಟ್ಟು ನಾಲ್ಕು ತಿಂಗಳು ದಾಟಿದವರನ್ನಷ್ಟೇ ಹುಡುಕುತ್ತಿತ್ತು. ಒಮ್ಮೆಯೂ ಕೊಡದವರಿಗೆ ಆ ತಾರೀಕೇ ಇಲ್ಲ. ಆ ಜಾಗ ನಲ್, ಅಂದರೆ ಖಾಲಿ. ಖಾಲಿಯನ್ನು ಯಾವ ತಾರೀಕಿಗೆ ಹೋಲಿಸಿದರೂ ಕಂಪ್ಯೂಟರ್ ಹೌದು ಎನ್ನುವುದಿಲ್ಲ. 'ತಾರೀಕು ನಲ್ ಇದ್ದವರನ್ನೂ ತೋರಿಸು' ಎಂದು ಸೇರಿಸಿದೆ. ಪಟ್ಟಿಯಲ್ಲಿ ರಜಿಯಾ ಹೆಸರು ಬಂತು, ಜೊತೆಗೆ ಇನ್ನೂ ಕೆಲವರ ಹೆಸರುಗಳೂ ಬಂದವು.

ಹುಬ್ಬಳ್ಳಿಯಲ್ಲಿ ರಕ್ತ ಸಿಕ್ಕಿತಂತೆ. ಆದರೂ ಆಂಬುಲೆನ್ಸಿನಲ್ಲಿ ಆ ಬಾಣಂತಿ ಪಟ್ಟ ಪಾಡು ನೆನೆದರೆ ಸಂಕಟ.

ಕೊಟ್ಟವರನ್ನೇ ಮತ್ತೆ ಮತ್ತೆ ಕರೆದು ಕಾಡಿದೆವು. ಕೊಡಲು ಕಾದು ಕೂತವರನ್ನು ಕೇಳಲೇ ಇಲ್ಲ.