ಎರವಲು ತಂದ ಸಂಶಯದ ಚೀಟಿ

ಕೊರೊನಾ ಮುಗಿದು ತರಗತಿಗಳು ಮೊದಲಿನಂತೆ ನಡೆಯತೊಡಗಿದ ವರ್ಷ ಅದು. ನಾನು ಉಜಿರೆ ಸಮೀಪದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಅಷ್ಟು ಕಾಲ ಪಾಠ ಮಾಡಿದವರಿಗೆ ತಮ್ಮ ಪದ್ಧತಿಯ ಮೇಲೆ ಒಂದು ಬಗೆಯ ಜಂಬ ಬಂದುಬಿಡುತ್ತದೆ. ನನಗೂ ಬಂದಿತ್ತು.

ಆ ಜಂಬಕ್ಕೆ ಕಾರಣ ನನ್ನ ಚೀಟಿ ಪದ್ಧತಿ. ಪ್ರಥಮ ಪಿಯುಸಿಯವರಿಗೆ ವಾರಕ್ಕೆ ಹತ್ತು ಲೆಕ್ಕ ಹೋಂವರ್ಕ್ ಕೊಡುತ್ತಿದ್ದೆ. ಗೊತ್ತಾಗದಿದ್ದರೆ ಬುಧವಾರ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಬಂದು ಕೇಳಬಹುದು, ಆದರೆ ಬರಿಗೈಯಲ್ಲಿ ಬರುವಂತಿಲ್ಲ. ಯಾವ ಲೆಕ್ಕ, ಯಾವ ಹಂತ, ಅಲ್ಲಿ ಏನು ಸಂಶಯ ಎಂದು ಚೀಟಿಯಲ್ಲಿ ಬರೆದು ತರಬೇಕು. "ಏನೂ ಅರ್ಥ ಆಗ್ಲಿಲ್ಲ ಮೇಡಂ" ಎಂದು ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೆ. "ಎಲ್ಲಿ ನೋವು ಅಂತ ಹೇಳದಿದ್ದರೆ ಡಾಕ್ಟರು ಮದ್ದು ಕೊಡುವುದು ಹೇಗೆ?" ಎಂಬುದು ನನ್ನ ಖಾಯಂ ಮಾತು. ಮಕ್ಕಳು ನಗುತ್ತಿದ್ದರು. ನಗದೆ ಹಿಂದಿರುಗಿದವರ ಕಡೆಗೆ ನಾನು ಗಮನ ಕೊಟ್ಟವಳಲ್ಲ.

ಸಫ್ರೀನಾ ಕೊಕ್ಕಡದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ತಂದೆ ಹಮೀದರಿಗೆ ಅಲ್ಲೊಂದು ಸಣ್ಣ ಬೇಕರಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಶಾಲೆಗೇ ಮೊದಲಿಗಳಾಗಿ ಬಂದಿದ್ದಳು; ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಚಿಕ್ಕಮ್ಮ ಮಂಗಳೂರಿನಲ್ಲಿ ನರ್ಸ್. ಇವಳಿಗೂ ಅದೇ ಆಸೆ. ಬಿ.ಎಸ್ಸಿ. ನರ್ಸಿಂಗ್ ಓದಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ ಪಾಸಾಗಲೇಬೇಕು. ಹಾಗಾಗಿ ಒಂದು ಬುಧವಾರವನ್ನೂ ತಪ್ಪಿಸದೆ ಬರುತ್ತಿದ್ದಳು. ಅವಳ ಚೀಟಿಗಳೋ, ಓದಿದರೆ ಖುಷಿಯಾಗಬೇಕು. "ಮೂರನೆಯ ಹಂತದಲ್ಲಿ ಸೈನ್ ತೆಗೆದುಕೊಳ್ಳದೆ ಕೊಸೈನ್ ತೆಗೆದುಕೊಂಡದ್ದು ಏಕೆ?" ಎಂದೆಲ್ಲ ಇರುತ್ತಿತ್ತು. ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಒಮ್ಮೆ ಅವಳ ಚೀಟಿಯನ್ನು ತರಗತಿಯಲ್ಲಿ ಎತ್ತಿ ತೋರಿಸಿ, "ಸಂಶಯ ಅಂದರೆ ಹೀಗಿರಬೇಕು" ಎಂದೂ ಹೊಗಳಿದ್ದೆ.

ಮೊದಲ ಕಿರುಪರೀಕ್ಷೆಯಲ್ಲಿ ಅವಳಿಗೆ ಮೂವತ್ತೈದಕ್ಕೆ ಎರಡು ಅಂಕ ಬಂತು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ತಿಳಿದ ಹುಡುಗಿ ಓದದೆ ಹೀಗೆ ಮಾಡಿದ್ದಾಳೆ ಎಂದೇ ನಂಬಿದೆ. ಸೋಮವಾರ ಬೆಳಿಗ್ಗೆ ಹಮೀದರಿಗೆ ಫೋನು ಮಾಡಿ, "ನಿಮ್ಮ ಮಗಳಿಗೆ ವಿಷಯ ಗೊತ್ತುಂಟು, ಓದ್ಲಿಕ್ಕೆ ಮನಸ್ಸಿಲ್ಲ. ಮೊಬೈಲು ಜಾಸ್ತಿಯಾಗಿರಬೇಕು" ಎಂದೆ. "ಹಾಗಾದ್ರೆ ಅವಳನ್ನು ಕಾಮರ್ಸಿಗೆ ಹಾಕುವ ಮೇಡಂ" ಎಂದರು. ವಿಭಾಗ ಬದಲಿಸಲು ಆ ಶನಿವಾರವೇ ಕೊನೆಯ ದಿನವಾಗಿತ್ತು. ನಾನು ತಡೆಯಲಿಲ್ಲ.

ಮಧ್ಯಾಹ್ನ ಅವಳನ್ನು ಕರೆಸಿದೆ. ಹಿಂದಿನ ವಾರದ ಅವಳದೇ ಚೀಟಿಯನ್ನು ಮುಂದಿಟ್ಟು, "ಇದನ್ನು ಕೇಳಿದವಳಿಗೆ ಪರೀಕ್ಷೆಯ ಲೆಕ್ಕ ಬರಲಿಲ್ಲವಾ?" ಎಂದೆ. ಅವಳು ಚೀಟಿಯನ್ನೇ ನೋಡುತ್ತ ನಿಂತಳು.

"ಅದು ನನ್ನ ಸಂಶಯ ಅಲ್ಲ ಮೇಡಂ."

"ಮತ್ತೆ ಯಾರದ್ದು?"

"ಸೀನಿಯರ್ ಅಕ್ಕನದ್ದು. ಅವರ ಹಳೇ ಚೀಟಿ ನೋಡಿ ಬರೆದದ್ದು. ಹೋದ ವರ್ಷವೂ ಇದೇ ಲೆಕ್ಕ ಇತ್ತಂತೆ. ಚೀಟಿ ಇಲ್ಲದೆ ನೀವು ಒಳಗೆ ಬಿಡುವುದಿಲ್ಲ ಅಲ್ವಾ? ಒಳಗೆ ಬಂದ್ರೆ ಏನಾದ್ರೂ ಅರ್ಥ ಆಗ್ತದೆ ಅಂತ ಬರ್ತಿದ್ದೆ."

ಹೋಂವರ್ಕ್ ಕಾಪಿ ಹೊಡೆಯುವವರನ್ನು ಎಷ್ಟೋ ಕಂಡಿದ್ದೇನೆ. ಸಂಶಯವನ್ನೇ ಕಾಪಿ ಹೊಡೆದವಳನ್ನು ಕಂಡದ್ದು ಅಂದೇ. ವಾರವಾರವೂ ಸಹಾಯ ಕೇಳಿಕೊಂಡು ನನ್ನ ಮೇಜಿನವರೆಗೆ ಬಂದ ಹುಡುಗಿಗೆ ನಾನು ಬೇರೆ ಯಾರದೋ ಪ್ರಶ್ನೆಗೆ ಉತ್ತರ ಹೇಳಿ ಕಳಿಸುತ್ತಿದ್ದೆ. ಒಂದು ಹಾಳೆ ಕೊಟ್ಟು ವೇಗ ಎಂದರೇನು ಬರಿ ಎಂದೆ. ಅದೂ ಬರಲಿಲ್ಲ.

ಪ್ರಾಂಶುಪಾಲರ ಬಳಿಗೆ ಓಡಿದೆ. ಅವರು ಎಲ್ಲ ಕೇಳಿ, "ಶುಕ್ರವಾರ ಇನ್ನೊಂದು ಪರೀಕ್ಷೆ ಕೊಡಿ. ಹನ್ನೆರಡು ಬಂದರೆ ಅವಳ ತಂದೆಯ ಹತ್ತಿರ ನಾನೇ ಮಾತಾಡ್ತೇನೆ" ಎಂದರು. ಕೈಯಲ್ಲಿದ್ದದ್ದು ನಾಲ್ಕು ದಿನ. ತರಗತಿ ಮುಗಿದ ಮೇಲೆ ಅವಳ ಬಸ್ಸಿನ ಹೊತ್ತಿನವರೆಗೆ, ದಿನಕ್ಕೆ ಒಂದೂವರೆ ಗಂಟೆ, ಲ್ಯಾಬಿನಲ್ಲಿ ಕೂತೆವು. ಸೋಮವಾರ ವೇಗ, ಮಂಗಳವಾರ ವೇಗೋತ್ಕರ್ಷ. ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದು. ಅವಳು ಒಂದು ಹೆಜ್ಜೆ ಇಟ್ಟರೆ ನಾನು ಎರಡು ಹೆಜ್ಜೆ ದಬ್ಬುತ್ತಿದ್ದೆ. ಒಮ್ಮೆ ತಾಳ್ಮೆಗೆಟ್ಟು ಚಾಕ್‌ಪೀಸನ್ನು ಮೇಜಿಗೆ ಕುಕ್ಕಿ ಮುರಿದೆ. ಅವಳು ಹೆದರಿ ಪೆನ್ನು ಕೆಳಗಿಟ್ಟಳು. ಮತ್ತೆ ಹತ್ತು ನಿಮಿಷ ಹೋಯಿತು, ಅವಳನ್ನು ಸಮಾಧಾನ ಮಾಡುವುದಕ್ಕೆ.

ಗುರುವಾರ ಒಂದು ಲೆಕ್ಕ ಕೊಟ್ಟೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಬ್ರೇಕು ಹಾಕಿದ ಮೇಲೆ 20 ಮೀಟರ್ ಹೋಗಿ ನಿಲ್ಲುತ್ತದೆ, ವೇಗೋತ್ಕರ್ಷ ಎಷ್ಟು? ಅವಳು 36 ಕಿಲೋಮೀಟರನ್ನು ಸೆಕೆಂಡಿಗೆ 10 ಮೀಟರ್ ಎಂದು ತಾನೇ ಬದಲಿಸಿಕೊಂಡು, ನಿಧಾನವಾಗಿ ಮೈನಸ್ 2.5 ಎಂಬಲ್ಲಿಗೆ ಮುಟ್ಟಿದಳು. ಉತ್ತರ ಸರಿ. ಆದರೆ ಅವಳ ಮುಖ ಅರಳಲಿಲ್ಲ.

"ಬಸ್ಸು ಮುಂದೆಯೇ ಹೋಗ್ತಾ ಉಂಟಲ್ಲ ಮೇಡಂ, ಮತ್ತೆ ಮೈನಸ್ ಯಾಕೆ?"

ಅದು ಅವಳ ಸ್ವಂತ ಸಂಶಯ. ನನಗೆ ಅಳು ಬಂತು. ಬಸ್ಸು ಹೋಗುವ ದಿಕ್ಕು ಬೇರೆ, ವೇಗ ಬದಲಾಗುವ ದಿಕ್ಕು ಬೇರೆ ಎಂದು ಲ್ಯಾಬಿನ ಈ ಗೋಡೆಯಿಂದ ಆ ಗೋಡೆಗೆ ನಡೆದು, ನಿಂತು, ತೋರಿಸಿದೆ. ಇನ್ನೂ ಹದಿನೈದು ದಿನ ಸಿಕ್ಕಿದರೆ ಈ ಹುಡುಗಿ ದಡ ಸೇರುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಆದರೆ ಪರೀಕ್ಷೆ ಮರುದಿನವೇ ಇತ್ತು.

ಶುಕ್ರವಾರ ಬಂದದ್ದು ಒಂಬತ್ತು. ಇನ್ನೂ ಮೂರು ಅಂಕ ಎಲ್ಲಾದರೂ ಅಡಗಿದೆಯೇ ಎಂದು ಉತ್ತರಪತ್ರಿಕೆಯನ್ನು ನಾಲ್ಕು ಬಾರಿ ತಿರುವಿ ಹಾಕಿದೆ. ಸಿಕ್ಕಿದ್ದು ಅರ್ಧ ಅಂಕ.

ಶನಿವಾರ ಹಮೀದರು ಬೇಕರಿ ಮುಚ್ಚಿ ಬಂದರು. ಪ್ರಾಂಶುಪಾಲರ ಎದುರಿನಲ್ಲೇ ನಾನು ಹೇಳಿದೆ: "ಮೊಬೈಲಿನ ಮಾತು ಸುಳ್ಳು, ಅದಕ್ಕೆ ಕ್ಷಮೆ ಇರಲಿ. ಅವಳು ಸಹಾಯ ಕೇಳಿಕೊಂಡು ಬಂದಿದ್ದಳು, ನನಗೆ ಗೊತ್ತಾಗಲಿಲ್ಲ. ತಪ್ಪು ನನ್ನದು. ಅವಳನ್ನು ಸೈನ್ಸಿನಲ್ಲೇ ಬಿಡಿ, ನಾನು ಹೇಳಿಕೊಡ್ತೇನೆ."

ಅವರು ಮಗಳನ್ನೊಮ್ಮೆ ನೋಡಿದರು. ದನಿಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. "ನೀವು ದೊಡ್ಡ ಮನಸ್ಸು ಮಾಡಿ ತಪ್ಪು ನಿಮ್ಮದು ಅಂತ ಹೇಳಿದ್ರಿ ಮೇಡಂ. ಆದರೆ ಫೇಲ್ ಆಗುವುದು ಅವಳಲ್ವಾ? ಒಂದು ವರ್ಷ ಹೋದ್ರೆ ಮತ್ತೆ ಅವಳನ್ನು ಓದ್ಲಿಕ್ಕೆ ಮನೆಯಲ್ಲಿ ಬಿಡ್ಲಿಕ್ಕಿಲ್ಲ."

ವಿಭಾಗ ಬದಲಿಸುವ ಫಾರಂ ಮೇಲೆ ಭೌತಶಾಸ್ತ್ರ ವಿಭಾಗದಿಂದ ಆಕ್ಷೇಪವಿಲ್ಲ ಎಂಬಲ್ಲಿ ಸಹಿ ಹಾಕಿದೆ. ಸಫ್ರೀನಾ ಅಳಲಿಲ್ಲ, ನೆಲ ನೋಡುತ್ತ ನಿಂತಿದ್ದಳು.

ಮರುವಾರವೇ ಚೀಟಿ ಪದ್ಧತಿಯನ್ನು ನಿಲ್ಲಿಸಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. "ಏನೂ ಅರ್ಥ ಆಗ್ಲಿಲ್ಲ" ಎಂದು ಬಂದವರಿಗೆ ಮೊದಲು ಕುರ್ಚಿ ತೋರಿಸತೊಡಗಿದೆ. ಪೂರ್ತಿ ದಾರಿ ತಪ್ಪಿದವರಿಗೆ ತಾವು ಎಲ್ಲಿ ತಪ್ಪಿದೆವು ಎಂದು ಹೇಳಲು ಬರುವುದಿಲ್ಲ. ಅದನ್ನು ಹುಡುಕಿ ಹೊರಡಬೇಕಾದವರು ನಾವು, ಸಂಬಳ ಕೊಡುವುದು ಅದಕ್ಕೇ. ಇಷ್ಟು ಸಣ್ಣ ಮಾತನ್ನು ಕಲಿಯಲು ನನಗೆ ಒಂದು ಇಡೀ ವೃತ್ತಿಜೀವನ ಬೇಕಾಯಿತು, ಒಬ್ಬಳು ಹುಡುಗಿಯ ಆಸೆಯೂ ಖರ್ಚಾಯಿತು. ಅವಳು ಕಾಮರ್ಸಿನಲ್ಲಿ ಚೆನ್ನಾಗಿ ಪಾಸಾದಳು ಎಂದು ಸಹೋದ್ಯೋಗಿಗಳು ಸಮಾಧಾನ ಹೇಳುತ್ತಾರೆ. ನನಗೆ ಅದರಿಂದ ಸಮಾಧಾನವಾಗಿಲ್ಲ.

ಆ ಶನಿವಾರ ತಂದೆಯ ಹಿಂದೆ ಹೊರಟವಳು ಮೆಟ್ಟಿಲಿಳಿಯುವ ಮೊದಲು ತಿರುಗಿ ಬಂದಿದ್ದಳು.

"ಮೇಡಂ, ನಿನ್ನೆ ಪರೀಕ್ಷೆಯ ಕೊನೆಯ ಲೆಕ್ಕ ಅರ್ಧ ಆಗಿತ್ತು. ಮೇಲೆ ಎಸೆದ ಕಲ್ಲಿನದ್ದು. ಸೋಮವಾರ ಬಂದ್ರೆ ಹೇಳಿಕೊಡ್ತೀರಾ?"

ಬಾ ಎಂದೆ. ಸೋಮವಾರ ಬಂದಳು, ಲ್ಯಾಬಿನಲ್ಲಿ ಕೂತು ಮಾಡಿದಳು. ಎಲ್ಲಿಯೂ ನಾನು ಬಾಯಿ ಹಾಕಬೇಕಾಗಲಿಲ್ಲ. ಉತ್ತರ ಸರಿಯಾಗಿತ್ತು.