ಮಾರ್ಚ್ ತಿಂಗಳ ಫುಟ್‌ಪಾತ್

ಜಯನಗರದ ನಮ್ಮ ಗೇಟಿನ ಮುಂದೆ ನಾನು ಆಗಷ್ಟೇ ದಾಟಿದ್ದ ಚಪ್ಪಡಿಯನ್ನು ಕೆಲಸಗಾರರು ಹಾರೆಯಿಂದ ಎಬ್ಬಿಸಿದರು. ಗಟ್ಟಿಯಾಗಿದ್ದ ಫುಟ್‌ಪಾತನ್ನು ಏಕೆ ಕೀಳುತ್ತೀರಿ ಎಂದು ಗುತ್ತಿಗೆದಾರನನ್ನು ಕೇಳಿದೆ.

"ಶಾಸಕರ ಅನುದಾನ, ಮೇಡಂ. ಮಾರ್ಚ್ ಒಳಗೆ ಮುಗಿಸ್ಲಿಲ್ಲ ಅಂದ್ರೆ ವಾಪಸ್ ಹೋಗುತ್ತೆ."

ಮುಂದಿನ ಚಪ್ಪಡಿಯ ಮೇಲೆ ಹೂ ಮಾರುವಾಕೆ ಕುಳಿತಿದ್ದಳು. ಒಮ್ಮೆ ಎದ್ದರೆ ಆ ಜಾಗ ಮತ್ತೆ ಸಿಗದೆಂದು ಅವಳಿಗೆ ಗೊತ್ತಿತ್ತು.

"ಅಣ್ಣ, ಎದುರುಗಡೆ ಸ್ಕೂಲ್ ಮುಂದೆ ಕಲ್ಲೇ ಇಲ್ಲ. ದಿನಾ ಮಕ್ಕಳು ಬೀಳ್ತಾವೆ. ಅಲ್ಲಿ ಹಾಕಿ."

"ಎಸ್ಟಿಮೇಟಲ್ಲಿ ಈ ಕಡೆ ಅಂತಿದೆ, ಅಕ್ಕ."

"ನಾನಂತೂ ಏಳಲ್ಲ. ನನ್ನನ್ನೂ ಎಸ್ಟಿಮೇಟಲ್ಲಿ ಸೇರಿಸ್ಕೊಳ್ಳಿ."

ಅವನು ನಕ್ಕುಬಿಟ್ಟ. ಆಚೆಯ ಗುಂಡಿಯನ್ನು ನೋಡಿಬಂದು, ಎಂಜಿನಿಯರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಸಂಜೆಯೊಳಗೆ ಹೊಸ ಕಲ್ಲುಗಳು ಶಾಲೆಯ ಮುಂದೆ ಕೂತವು. ಹೂವಿನಾಕೆ ಈ ಕಡೆ ತನ್ನ ಚಪ್ಪಡಿಯ ಮೇಲೇ ಕುಳಿತು, ಗುತ್ತಿಗೆದಾರನ ಹೆಂಡತಿಗೆಂದು ಒಂದು ಮೊಳ ಮಲ್ಲಿಗೆ ಅಳೆದುಕೊಟ್ಟಳು.